ಪೋರ್ಟ್‌ಸಾಯ್ ದೋಣಿ ಹಬ್ಬಕ್ಕೆ ಹೊರಟವರಿಗೆ: ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ

ಮೊದಲ ವರ್ಷ ಫೋನಿನಲ್ಲಿ ಊರಿನ ಹೆಸರು ಹೇಳಿದ ಕೂಡಲೇ ಕುಂದಾಪುರದಲ್ಲಿದ್ದ ಅಮ್ಮ ಗದರಿದ್ದಳು. "ಅದೆಂತಾ ಊರ್ ಹೆಸ್ರಾ ಮಗಾ, ಸಾಯ್ ಅಂತೆ! ಬೇರೆ ಊರ್ ಸಿಕ್ಲಿಲ್ಯಾ?"

ಹೆಸರಿಗೆ ಹೆದರಬೇಡಿ. ಪೋರ್ಟ್‌ಸಾಯ್ ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯ ಒಂದು ಪುಟ್ಟ ಬಂದರು ಊರು. ಮರೇ ಫರ್ತ್ ಎಂಬ ದೊಡ್ಡ ಕೊಲ್ಲಿಯ ದಡದಲ್ಲಿ, ಬ್ಯಾಂಫ್ ಮತ್ತು ಕಲನ್ ಎಂಬ ಎರಡು ಊರುಗಳ ನಡುವೆ ಇದೆ. ಜನಸಂಖ್ಯೆ ಎರಡು ಸಾವಿರವೂ ಇಲ್ಲ. ಆದರೆ ಬೇಸಿಗೆಯ ಒಂದು ವಾರಾಂತ್ಯಕ್ಕೆ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅದೇ ಸ್ಕಾಟಿಷ್ ಟ್ರೆಡಿಷನಲ್ ಬೋಟ್ ಫೆಸ್ಟಿವಲ್, ನಮ್ಮ ಮಾತಿನಲ್ಲಿ ಹಳೇ ದೋಣಿಗಳ ಹಬ್ಬ. ಇಲ್ಲಿನ ಹಳೆಯ ಬಂದರು ಕಟ್ಟಿದ್ದು 1693ರಲ್ಲಿ. ಅದಕ್ಕೆ 300 ವರ್ಷ ತುಂಬಿದ ನೆಪದಲ್ಲಿ 1993ರಲ್ಲಿ ಹಬ್ಬ ಶುರುವಾಯಿತು. ಆಮೇಲೆ ಊರಿನವರಿಗೆ ನಿಲ್ಲಿಸಲು ಮನಸ್ಸೇ ಬರಲಿಲ್ಲ.

ಅಬರ್ಡೀನ್, ಎಡಿನ್‌ಬರಾ, ಗ್ಲಾಸ್ಗೋ ಕಡೆ ಕೆಲಸದಲ್ಲಿರುವ ಕನ್ನಡದವರು ಬೇಸಿಗೆ ಬಂದರೆ ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುತ್ತಾರೆ. ಕೋಟೆ, ಕೆರೆ, ಮತ್ತೆ ಕೋಟೆ. ಮೂರನೇ ವಾರಕ್ಕೆ ಅವರಿಗೂ ಸಾಕಾಗುತ್ತದೆ. ಅಂಥವರಿಗೆ ಮುಖ್ಯವಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಉಬ್ಬರದ ಪಟ್ಟಿ, ಆಮೇಲೆ ಕಾರ್ಯಕ್ರಮದ ಪಟ್ಟಿ

ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಹಬ್ಬದ ತಾರೀಖು ಸಾಮಾನ್ಯವಾಗಿ ಜೂನ್‌ನಲ್ಲೋ ಜುಲೈ ಮೊದಲ ವಾರದಲ್ಲೋ ಬರುತ್ತದೆ, ವರ್ಷ ವರ್ಷ ಬದಲಾಗುತ್ತದೆ. ತಾರೀಖು ಗೊತ್ತಾದ ತಕ್ಷಣ ಆ ಎರಡು ದಿನದ ಉಬ್ಬರ ಇಳಿತದ ಸಮಯ ನೋಡಿ ಬರೆದಿಟ್ಟುಕೊಳ್ಳಿ. ಪೋರ್ಟ್‌ಸಾಯ್ ಹೆಸರಲ್ಲಿ ಸಿಗದಿದ್ದರೆ ಬ್ಯಾಂಫ್, ಬಕಿ, ಹತ್ತಿರದ ಯಾವ ಬಂದರಿನದಾದರೂ ನಡೆಯುತ್ತದೆ. ಸಮಯದಲ್ಲಿ ಜಾಸ್ತಿ ವ್ಯತ್ಯಾಸ ಇರುವುದಿಲ್ಲ.

ಯಾಕೆಂದರೆ, ನಮ್ಮ ಕುಂದಾಪುರದ ಕಡೆ ನೀರು ಏರಿ ಇಳಿಯುವುದು ಹೆಚ್ಚುಕಡಿಮೆ ಒಂದೂವರೆ ಮೀಟರ್. ಇಲ್ಲಿ ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಅದು ಮೂರು ಮೀಟರ್ ಮೀರುತ್ತದೆ. ಇಳಿತದಲ್ಲಿ ಬಂದರಿನ ಒಳಗೆ ನೀರು ತೀರಾ ಕಡಿಮೆಯಾಗಿ ಕೆಲವು ದೋಣಿಗಳು ತಳಕ್ಕೆ ಕೂತುಬಿಡುತ್ತವೆ. ನಾನು ಮೊದಲ ವರ್ಷ ಹೋಗಿ ನಿಂತದ್ದು ಸರಿಯಾಗಿ ಆ ಹೊತ್ತಿಗೆ. ಗೋಡೆಯ ಕೆಳಗೆ ಎಲ್ಲೋ ಆಳದಲ್ಲಿ ಕೆಸರು, ಪಾಚಿ, ಒಂದು ಕಡೆ ವಾಲಿದ ದೋಣಿಗಳು. ಇದಕ್ಕಾ ಎಂಬತ್ತು ಕಿಲೋಮೀಟರ್ ಬಂದದ್ದು ಅನ್ನಿಸಿತ್ತು. ಕಾರ್ಯಕ್ರಮದ ಹಾಳೆ ಹಿಡಿದು ಒಂದು ಡೇರೆಯಿಂದ ಇನ್ನೊಂದಕ್ಕೆ ಓಡಾಡಿ, ದೋಣಿಗಳು ಹೊರಡುವ ಹೊತ್ತಿಗೆ ನಾನು ಸಾಬೂನಿನ ಅಂಗಡಿಯಲ್ಲಿದ್ದೆ.

ಎರಡನೇ ವರ್ಷ ಪಟ್ಟಿ ನೋಡಿಕೊಂಡೇ ಹೋದೆ. ಆದರೂ ಒಂದು ಗಂಟೆ ತಪ್ಪಿತು. ಇದು ಎಲ್ಲರೂ ಬೀಳುವ ಗುಂಡಿ. ಇಲ್ಲಿನ ಎಷ್ಟೋ ಉಬ್ಬರದ ಪಟ್ಟಿಗಳು ಗ್ರೀನಿಚ್ ಸಮಯದಲ್ಲಿರುತ್ತವೆ. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ ನೀವು ಒಂದು ಗಂಟೆ ಕೂಡಿಸಬೇಕು. ಪಟ್ಟಿಯ ಮೇಲೆ ಯಾವ ಸಮಯ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ನೋಡಿ.

ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಉಬ್ಬರ ಇದ್ದರೆ ಭಾನುವಾರ ಹತ್ತೂ ಐವತ್ತರ ಸುಮಾರಿಗೆ. ಉಬ್ಬರದ ಹಿಂದಿನ ಎರಡು ಗಂಟೆ, ಮುಂದಿನ ಎರಡು ಗಂಟೆ ನೀವು ದೋಣಿ ಕಟ್ಟುವ ದಕ್ಕೆ ಬಿಟ್ಟು ಕದಲಬೇಡಿ. ಊಟ, ಶಾಪಿಂಗ್, ಮ್ಯೂಸಿಯಂ, ಎಲ್ಲವನ್ನೂ ಇಳಿತದ ಹೊತ್ತಿಗೆ ತಳ್ಳಿ. ಇಷ್ಟು ಮಾಡಿದರೆ ಅರ್ಧ ಹಬ್ಬ ಗೆದ್ದ ಹಾಗೆ.

ಹೋಗುವುದು, ಉಳಿಯುವುದು

ಅಬರ್ಡೀನ್‌ನಿಂದ ಕಾರಿನಲ್ಲಿ ಒಂದೂವರೆ ಗಂಟೆ ಇಟ್ಟುಕೊಳ್ಳಿ. ರೈಲು 1968ರಲ್ಲೇ ನಿಂತುಹೋಗಿದೆ. ಅಬರ್ಡೀನ್‌ನಿಂದ ಬ್ಯಾಂಫ್ ಮೇಲೆ ಎಲ್ಗಿನ್‌ಗೆ ಹೋಗುವ 35ನೇ ನಂಬರಿನ ಬಸ್ಸು ಪೋರ್ಟ್‌ಸಾಯ್‌ನಲ್ಲಿ ನಿಲ್ಲುತ್ತದೆ, ಎರಡು ಗಂಟೆ ಮೀರಿ ಹಿಡಿಯುತ್ತದೆ. ಭಾನುವಾರ ಬಸ್ಸು ಕಡಿಮೆ. ವಾಪಸ್ ಬಸ್ಸಿನ ಸಮಯ ನೋಡದೆ ಹೊರಡಬೇಡಿ.

ಕಾರಿನಲ್ಲಿ ಬಂದವರು ಬಂದರಿನವರೆಗೂ ಗಾಡಿ ಇಳಿಸುವ ಆಸೆ ಬಿಡಿ. ಬೀದಿಗಳು ಹಳೇ ಕಾಲದ ಗಾಡಿ ಅಗಲ. ಊರ ಹೊರಗೆ ಹೊಲಗಳಲ್ಲಿ ನಿಲ್ಲಿಸಲು ವ್ಯವಸ್ಥೆ ಮಾಡಿರುತ್ತಾರೆ. ಮಳೆ ಬಂದಿದ್ದರೆ ಹುಲ್ಲು ಜಾರುತ್ತದೆ, ಗಾಡಿಯ ಮೂತಿ ಹೊರಗೆ ತಿರುಗಿಸಿ ನಿಲ್ಲಿಸಿ. ಓಡಿಸುವವರು ಬಿಯರ್ ಡೇರೆಯಿಂದ ದೂರ ಇರಿ. ಕುಡಿದು ಓಡಿಸುವ ವಿಚಾರದಲ್ಲಿ ಸ್ಕಾಟ್ಲೆಂಡಿನ ಮಿತಿ 2014ರಿಂದ ಇಂಗ್ಲೆಂಡಿಗಿಂತ ಬಿಗಿ. ಅಲ್ಲಿ ನೂರು ಮಿಲಿಲೀಟರ್ ರಕ್ತಕ್ಕೆ ಎಂಬತ್ತು ಮಿಲಿಗ್ರಾಂ ಆಲ್ಕೋಹಾಲ್, ಇಲ್ಲಿ ಐವತ್ತು.

ಊರೊಳಗೆ ರೂಮು ಸಿಗುವುದು ಕಷ್ಟ. ಇರುವುದೇ ನಾಲ್ಕಾರು, ಅವೂ ತಿಂಗಳುಗಟ್ಟಲೆ ಮೊದಲೇ ಹೋಗಿರುತ್ತವೆ. ಬ್ಯಾಂಫ್, ಕಲನ್, ಬಕಿ ನೋಡಿ. ಅಲ್ಲೂ ಇಲ್ಲದಿದ್ದರೆ ಒಳನಾಡಿನ ಕೀತ್, ಹಂಟ್ಲಿ. ಟೆಂಟ್ ಹಾಕುವ ಧೈರ್ಯ ಇದ್ದವರಿಗೆ ಕಡಲಿಗೆ ಅಂಟಿಕೊಂಡೇ ಕ್ಯಾಂಪಿಂಗ್ ಜಾಗ ಇದೆ. ನಾನು ಒಂದು ಸಲ ಮಲಗಿದ್ದೇನೆ. ರಾತ್ರಿಯಿಡೀ ಗಾಳಿ ಟೆಂಟನ್ನು ಬಡಿದದ್ದೇ ನೆನಪು, ನಿದ್ದೆ ನೆನಪಿಲ್ಲ.

ಚೀಲದಲ್ಲಿ ಏನಿರಬೇಕು

ಜೂನ್ ಅಂದರೆ ಬೇಸಿಗೆ, ಅಲ್ವಾ? ಇಲ್ಲಿ ಮಧ್ಯಾಹ್ನವೂ ಹದಿನೈದು ಡಿಗ್ರಿ ಆಸುಪಾಸು. ಬಂದರು ಉತ್ತರಕ್ಕೆ ತೆರೆದಿದೆ, ಗಾಳಿ ನೇರ ಎದೆಗೇ ಬರುತ್ತದೆ. ಅದರ ಮೇಲೆ ಹಾರ್ ಎಂಬ ಕಡಲ ಮಂಜು. ಬೆಚ್ಚಗಿನ ಗಾಳಿ ತಣ್ಣನೆ ನೀರಿನ ಮೇಲೆ ಹಾಯುವಾಗ ಹುಟ್ಟುವಂಥದ್ದು. ಎರಡು ಮೈಲಿ ಒಳಗೆ ಚುರುಗುಟ್ಟುವ ಬಿಸಿಲು ಇದ್ದರೂ ಬಂದರಿನಲ್ಲಿ ಹಾಯಿ ಕಟ್ಟುವ ಕೂವೆಮರದ ತುದಿ ಕಾಣುವುದಿಲ್ಲ.

ಹಾಗಾಗಿ ಗಾಳಿ ತಡೆಯುವ ಜಾಕೆಟ್, ಒಳಗೆ ಒಂದು ಸ್ವೆಟರ್, ಕಿವಿ ಮುಚ್ಚುವ ಟೋಪಿ. ಛತ್ರಿ ಬೇಡ, ಐದು ನಿಮಿಷದಲ್ಲಿ ಮಗುಚುತ್ತದೆ. ಹಿಡಿತ ಇರುವ ಬೂಟು ಕಡ್ಡಾಯ, ದಕ್ಕೆಯ ಕಲ್ಲು ಒದ್ದೆಯಾದರೆ ಸೋಪಿನ ಹಾಗೆ. ಅಮ್ಮಂದಿರು ಸೀರೆಗೆ ಚಪ್ಪಲಿ ಹಾಕಿ ಬರುವುದು ಬೇಡ. ಸೀರೆಯೇ ಇರಲಿ, ಕೆಳಗೆ ಥರ್ಮಲ್ ಮತ್ತು ಬೂಟು ಇರಲಿ. ಒಂದು ಸಣ್ಣ ಮಡಚುವ ಕುರ್ಚಿ ತಂದರೆ ಹಿರಿಯರು ನಿಮ್ಮನ್ನು ಹರಸುತ್ತಾರೆ. ಬಂದರಿಗೆ ಇಳಿಯುವ ದಾರಿ ಇಳಿಜಾರು, ಕೂರಲು ಜಾಗ ಕಡಿಮೆ.

ಸ್ವಲ್ಪ ನಗದೂ ಇರಲಿ. ಸ್ಕಾಟ್ಲೆಂಡಿನಲ್ಲಿ ಮೂರು ಬ್ಯಾಂಕುಗಳು ತಮ್ಮದೇ ನೋಟು ಹೊರಡಿಸುತ್ತವೆ. ಚಿಲ್ಲರೆಯಲ್ಲಿ ಬೇರೆ ಬೇರೆ ಚಿತ್ರದ ನೋಟು ಬಂದರೆ ಗಾಬರಿ ಬೇಡ.

ಶುಕ್ರವಾರ ಸಂಜೆ: ಜನ ಸೇರುವ ಮೊದಲು

ಸಾಧ್ಯವಾದರೆ ಶುಕ್ರವಾರವೇ ತಲುಪಿ. ಈ ಕಾಲದಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹೊತ್ತಿಗೆ. ಕೆಲಸ ಮುಗಿಸಿ ಹೊರಟರೂ ಮೂರು ಗಂಟೆ ಬೆಳಕು ಸಿಗುತ್ತದೆ.

ಹಳೇ ಬಂದರಿನ ಗೋಡೆಯ ಹತ್ತಿರ ಹೋಗಿ ಕಲ್ಲುಗಳನ್ನು ನೋಡಿ. ನಾವು ಗೋಡೆ ಕಟ್ಟುವಾಗ ಕಲ್ಲನ್ನು ಮಲಗಿಸುತ್ತೇವೆ. ಇಲ್ಲಿ ಪುಸ್ತಕದ ಕಪಾಟಿನ ಹಾಗೆ ನಿಲ್ಲಿಸಿ ಕಟ್ಟಿದ್ದಾರೆ. ಅಲೆಯ ಪೆಟ್ಟಿಗೆ ಕಲ್ಲು ಸಡಿಲಾಗುವುದು ಹೀಗೆ ಕಡಿಮೆ ಎಂಬುದು ಕಟ್ಟಿದವರ ಲೆಕ್ಕ. ಪ್ಯಾಟ್ರಿಕ್ ಓಗಿಲ್ವಿ ಎಂಬ ಜಮೀನುದಾರ ಕಟ್ಟಿಸಿದ ಈ ಬಂದರು ಇನ್ನೂ ನಿಂತಿದೆ. ಪಕ್ಕದ ಹೊಸ ಬಂದರು 1820ರ ದಶಕದ್ದು. ಅದು 1839ರ ಬಿರುಗಾಳಿಗೆ ಹಾಳಾಗಿ, ಮತ್ತೆ ಕಟ್ಟಿದ್ದು 1884ರಲ್ಲಿ. ಹಳೇ ಮೇಸ್ತ್ರಿಗಳನ್ನು ಹೊಗಳಲು ಬೇರೆ ಸಾಕ್ಷಿ ಬೇಡ.

ಈ ಊರಿನ ಹಸಿರು ಕೆಂಪು ಮಿಶ್ರಿತ ಕಲ್ಲು, ಪೋರ್ಟ್‌ಸಾಯ್ ಮಾರ್ಬಲ್, ಒಂದು ಕಾಲದಲ್ಲಿ ಇದೇ ದಕ್ಕೆಯಿಂದ ಹಡಗು ಹತ್ತಿ ಫ್ರಾನ್ಸಿನ ವರ್ಸೈಲ್ಸ್ ಅರಮನೆಯವರೆಗೂ ಹೋಗಿತ್ತು. ಹೆಸರಿಗೆ ಮಾರ್ಬಲ್, ನಿಜಕ್ಕೂ ಅದು ಸರ್ಪೆಂಟೈನ್ ಎಂಬ ಬೇರೆ ಜಾತಿಯ ಕಲ್ಲು. ಸಣ್ಣ ಚೂರಿನ ಪದಕವೋ ಉಂಗುರವೋ ಊರಲ್ಲಿ ಕೊಳ್ಳಲು ಸಿಗುತ್ತದೆ. ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್‌ಗಿಂತ ಎಷ್ಟೋ ಮೇಲು.

ಶನಿವಾರ: ದೋಣಿ ಗುರುತು ಹಿಡಿಯುವ ಪಾಠ

ಗೇಟು ತೆರೆಯುವ ಹೊತ್ತಿಗೇ ಟಿಕೆಟ್ ಹಿಡಿದು ಒಳಗೆ ಹೋಗಿ, ಹಳೇ ಬಂದರಿನ ಗೋಡೆಯ ಬಳಿ ಒಂದು ಜಾಗ ಹಿಡಿಯಿರಿ. ಎಲ್ಲ ದೋಣಿಯೂ ಒಂದೇ ಥರ ಕಂಡರೆ ಅರ್ಧ ಗಂಟೆಯಲ್ಲಿ ಬೇಜಾರಾಗುತ್ತದೆ. ಮೂರು ಜಾತಿ ಗೊತ್ತಿದ್ದರೆ ಸಾಕು, ಕಣ್ಣು ತಾನಾಗಿ ಹುಡುಕಲು ಶುರು ಮಾಡುತ್ತದೆ.

ಪಕ್ಕದಿಂದ ನೋಡಿ. ಮುಂದೆ ಬಾಗಿದ ಮೂತಿ, ಹಿಂಬದಿ ಚೆನ್ನಾಗಿ ಇಳಿಜಾರು, ತಳದ ಉದ್ದಕ್ಕೂ ಹೋಗುವ ಅಡಿಮರ ಗಿಡ್ಡ ಇದ್ದರೆ ಅದು ಸ್ಕ್ಯಾಫಿ. ಈ ಕೊಲ್ಲಿಯ ಹಳೇ ತಲೆ. ಸಣ್ಣ ಬಂದರಿನಲ್ಲಿ ಸುಲಭವಾಗಿ ತಿರುಗುತ್ತದೆ. ಮುಂದೆಯೂ ಹಿಂದೆಯೂ ಗೋಡೆಯ ಹಾಗೆ ನೆಟ್ಟಗಿದ್ದು ಅಡಿಮರ ಉದ್ದ ಇದ್ದರೆ ಅದು ಫೈಫಿ. ವೇಗ ಜಾಸ್ತಿ, ತೆರೆದ ಕಡಲಿನಲ್ಲಿ ನೇರ ಸಾಗುತ್ತದೆ. ಮೂತಿ ಫೈಫಿಯದು, ಹಿಂಬದಿ ಸ್ಕ್ಯಾಫಿಯದು ಇದ್ದರೆ ಅದು ಜುಲು.

ಜುಲು ಎಂದರೆ ಆಫ್ರಿಕಾದ ಜುಲು ಜನರೇ. 1879ರಲ್ಲಿ ಬ್ರಿಟಿಷರು ಅವರ ಮೇಲೆ ಯುದ್ಧ ಮಾಡುತ್ತಿದ್ದ ಹೊತ್ತಿಗೆ, ಲಾಸಿಮೌತ್ ಎಂಬ ಇಲ್ಲಿನ ಊರಿನಲ್ಲಿ ವಿಲಿಯಂ ಕ್ಯಾಂಪ್‌ಬೆಲ್ ಎಂಬಾತ ಈ ಜಾತಿಯ ಮೊದಲ ದೋಣಿ ಕಟ್ಟಿದ. ಪೇಪರಿನಲ್ಲಿ ದಿನಾ ಇದ್ದ ಹೆಸರು ದೋಣಿಗೂ ಅಂಟಿತು. ಗಂಡನಿಗೆ ಒಂದು ಜಾತಿ ಇಷ್ಟ, ಹೆಂಡತಿಗೆ ಇನ್ನೊಂದು, ಕಡೆಗೆ ರಾಜಿಯಾಗಿ ಅರ್ಧರ್ಧ ಮಾಡಿದರು ಎಂದು ದಕ್ಕೆಯ ಮೇಲೆ ಕಥೆ ಹೇಳುತ್ತಾರೆ. ನಿಜವೋ ಸುಳ್ಳೋ, ಮನೆ ಕಟ್ಟಿಸಿದವರು ಯಾರೂ ಅನುಮಾನ ಪಡುವುದಿಲ್ಲ.

ಈಗ ಹಾಯಿ ನೋಡಿ. ಎಷ್ಟೋ ಹಾಯಿಗಳು ಕಂದು ಕೆಂಪು. ಆ ಬಣ್ಣ ನೋಡಿ ನನಗೆ ಅಜ್ಜಿಯ ಎಲೆಯಡಿಕೆ ಚೀಲ ನೆನಪಾಗಿತ್ತು. ಯಾಕೆ ಎಂದು ಆಮೇಲೆ ಗೊತ್ತಾಯಿತು. ಬಟ್ಟೆಯ ಹಾಯಿ, ನೂಲಿನ ಬಲೆ ಉಪ್ಪು ನೀರಿಗೆ ಕೊಳೆಯಬಾರದೆಂದು ಇಲ್ಲಿನ ಮೀನುಗಾರರು ಅವನ್ನು ದೊಡ್ಡ ಕಡಾಯಿಯಲ್ಲಿ ಬಿಸಿ ಕಷಾಯಕ್ಕೆ ಅದ್ದುತ್ತಿದ್ದರು. ಆ ಕಷಾಯಕ್ಕೆ ಬೀಳುತ್ತಿದ್ದದ್ದು ಭಾರತ, ಬರ್ಮಾ ಕಡೆಯಿಂದ ಬರುತ್ತಿದ್ದ ಕಚ್. ನಮ್ಮ ಕಾಚು! ತಾಂಬೂಲದಲ್ಲಿ ತುಟಿ ಕೆಂಪಾಗಿಸುವ ಅದೇ ಮರದ ರಸ ಇಲ್ಲಿ ಹಾಯಿ ಕೆಂಪಾಗಿಸಿತ್ತು. ಈಗಿನ ಹಾಯಿಗಳಲ್ಲಿ ಜಾಸ್ತಿ ಬರೀ ಬಣ್ಣ, ಕಾಚಿಲ್ಲ. ಆದರೆ ಹಳಬರನ್ನು ಕೇಳಿದರೆ ಕಡಾಯಿಯ ವಾಸನೆಯವರೆಗೂ ವಿವರಿಸುತ್ತಾರೆ.

ಇನ್ನೊಂದು ತಪ್ಪಿಸಬಾರದ್ದು ಹುಟ್ಟು ಹಾಕುವ ಪಂದ್ಯ. ಸೇಂಟ್ ಏಲ್ಸ್ ಸ್ಕಿಫ್ ಎಂಬ ಇಪ್ಪತ್ತೆರಡು ಅಡಿಯ ದೋಣಿ, ನಾಲ್ವರು ಒಬ್ಬೊಬ್ಬರು ಒಂದೊಂದು ಹುಟ್ಟು, ಚುಕ್ಕಾಣಿಗೆ ಒಬ್ಬರು. ಐಯನ್ ಊಟ್ರೆಡ್ ಎಂಬವರ ವಿನ್ಯಾಸ. ಆನ್‌ಸ್ಟ್ರದರ್‌ನ ಮೀನುಗಾರಿಕೆ ಮ್ಯೂಸಿಯಂ 2009ರ ಹೊತ್ತಿಗೆ ಶುರು ಮಾಡಿದ ಯೋಜನೆ. ಕತ್ತರಿಸಿದ ಹಲಗೆಗಳ ಕಿಟ್ ತರಿಸಿ, ಊರಿನವರೇ ಚಳಿಗಾಲವಿಡೀ ಒಂದು ಶೆಡ್ಡಿನಲ್ಲಿ ಸೇರಿ ಕಟ್ಟುತ್ತಾರೆ. ಟೀಚರು, ನರ್ಸು, ನಿವೃತ್ತ ಗುಮಾಸ್ತ, ಎಲ್ಲರೂ. ಒಂದೊಂದು ಊರಿಗೆ ಒಂದೊಂದು ಬಣ್ಣ. ಆದ್ದರಿಂದ ಕೂಗಾಟ ಊರಿನ ಮಾನದ್ದು. ನೀವೂ ಒಂದು ಊರು ಆರಿಸಿಕೊಂಡು ಕೂಗಿ, ಸುಮ್ನೆ ನಿಂತು ನೋಡಿದರೆ ಮಜಾ ಇಲ್ಲ.

ಇಳಿತದ ಹೊತ್ತು: ಊಟ

ನೀರು ಇಳಿಯಿತು, ದೋಣಿಗಳು ಕೂತವು. ಈಗ ಹೊಟ್ಟೆ ನೋಡಿಕೊಳ್ಳಿ.

ಮೀನು ತಿನ್ನುವವರಿಗೆ ಚಿಂತೆಯಿಲ್ಲ. ಹತ್ತೇ ಕಿಲೋಮೀಟರ್ ಆಚೆಯ ಕಲನ್ ಊರಿನ ಕಲನ್ ಸ್ಕಿಂಕ್ ಮೊದಲು ಕುಡಿಯಿರಿ. ಹೊಗೆ ಹಾಕಿದ ಹ್ಯಾಡಕ್ ಮೀನು, ಆಲೂಗಡ್ಡೆ, ಈರುಳ್ಳಿ, ಹಾಲು. ಮೀನಿಗೆ ಹಾಲೇ ಎಂದು ಮೂಗು ಮುರಿಯಬೇಡಿ, ನಾನೂ ಮುರಿದಿದ್ದೆ. ಗಾಳಿಯಲ್ಲಿ ನಡುಗುತ್ತಾ ಒಂದು ಬಟ್ಟಲು ಕುಡಿದ ಮೇಲೆ ಎರಡನೆಯದಕ್ಕೆ ನಿಂತಿದ್ದೆ. ಅಮ್ಮನಿಗೆ ಮಾತ್ರ ಹೇಳಿಲ್ಲ. ಇನ್ನು ಹ್ಯಾಡಕ್ ಮೀನುಗಳನ್ನು ಬಾಲಕ್ಕೆ ದಾರ ಕಟ್ಟಿ ಜೋಡಿ ಜೋಡಿಯಾಗಿ ಬ್ಯಾರೆಲ್ಲಿನ ಮೇಲೆ ನೇತುಹಾಕಿ, ಕೆಳಗೆ ಗಟ್ಟಿ ಮರದ ಬೆಂಕಿ ಹಾಕಿ ಬೇಯಿಸುವವರು ಕಂಡರೆ ಸೀದಾ ಹೋಗಿ. ಬಿಸಿ ಇರುವಾಗಲೇ ಕೈಯಲ್ಲಿ ಬಿಡಿಸಿ ತಿನ್ನಿ, ಫೋರ್ಕು ಕೇಳಬೇಡಿ.

ಸಸ್ಯಾಹಾರಿಗಳು ಮಾತ್ರ ಸ್ವಲ್ಪ ಹುಷಾರು. ಬೇಳೆ ಸೂಪ್ ಎಂದು ಬರೆದಿದ್ದರೆ ನಮ್ಮ ಸಾರು ಎಂದು ನಂಬಬೇಡಿ. ಸ್ಕಾಟ್ಲೆಂಡಿನ ಹಳೇ ಪದ್ಧತಿಯಲ್ಲಿ ಅದಕ್ಕೆ ಹಂದಿ ಮೂಳೆಯ ಸ್ಟಾಕ್ ಹಾಕುತ್ತಾರೆ. ಬಟರಿ ಎಂಬ ಇಲ್ಲಿನ ಚಪ್ಪಟೆ ಬನ್ನು ಮೀನುಗಾರರಿಗಾಗಿ ಹುಟ್ಟಿದ್ದು ಎನ್ನುತ್ತಾರೆ, ಅದರಲ್ಲೂ ಹಂದಿ ಕೊಬ್ಬು ಇರುವುದುಂಟು. ಚಿಪ್ಸನ್ನು ಕೆಲವರು ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಕೇಳದೆ ತಿಂದರೆ ನಿಮಗೇ ಬೇಜಾರು. ಅಮ್ಮಂದಿರು ಬಂದಿದ್ದರೆ ಬೆಳಿಗ್ಗೆ ಚಪಾತಿ ಪಲ್ಯ, ಪುಳಿಯೋಗರೆ ಕಟ್ಟಿಕೊಂಡು ಹೊರಡುವುದೇ ಒಳ್ಳೆಯದು. ಗೋಡೆಯ ಮರೆಯಲ್ಲಿ ಡಬ್ಬಿ ತೆಗೆಯಿರಿ, ಇಲ್ಲವಾದರೆ ಕಡಲ ಕಾಗೆಗಳು ಕೈಯಿಂದಲೇ ಕಿತ್ತುಕೊಳ್ಳುತ್ತವೆ. ಅವನ್ನು ಹಕ್ಕಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ, ದರೋಡೆಕೋರರು. ಸಿಹಿಗೆ ಟ್ಯಾಬ್ಲೆಟ್ ಕೊಳ್ಳಿ. ಮಾತ್ರೆ ಅಲ್ಲ, ಸಕ್ಕರೆ, ಬೆಣ್ಣೆ, ಗಟ್ಟಿ ಹಾಲಿನ ಬರ್ಫಿ. ಬಾಯಲ್ಲಿ ಮರಳು ಮರಳಾಗಿ ಕರಗುತ್ತದೆ.

ಇದೇ ಬಿಡುವಿನಲ್ಲಿ ಸಾಲ್ಮನ್ ಬಾಥಿ ನೋಡಿ ಬನ್ನಿ. ಸಾಲ್ಮನ್ ಹಿಡಿಯುವವರಿಗಾಗಿ 1834ರಲ್ಲಿ ಕಟ್ಟಿದ ಕಲ್ಲಿನ ಮನೆ, ಈಗ ಸಣ್ಣ ಮ್ಯೂಸಿಯಂ. ಕೆಳಗಡೆ ಐಸ್ ತುಂಬಿಡುತ್ತಿದ್ದ ಕಮಾನಿನ ಕೋಣೆಗಳಿವೆ. ಮಲ್ಪೆಯ ಐಸ್ ಪ್ಲಾಂಟ್ ನೋಡಿ ಬೆಳೆದವರಿಗೆ ಕರೆಂಟ್ ಇಲ್ಲದ ಐಸ್ ಪ್ಲಾಂಟ್ ಕಂಡ ಹಾಗಾಗುತ್ತದೆ.

ಮಾತಿಗಿಳಿಯುವುದು

ಇಲ್ಲಿನವರ ಮಾತು ಡೊರಿಕ್. ಇಂಗ್ಲಿಷ್ ಕಲಿತು ಬಂದವರಿಗೆ ಕುಂದಗನ್ನಡ ಮೊದಲ ಸಲ ಕೇಳಿದ ಬೆಂಗಳೂರಿನವರ ಪಾಡು. "ಫಿಟ್ ಲೈಕ್?" ಎಂದು ಕೇಳಿದರೆ ಹೇಗಿದ್ದೀರಿ ಎಂದರ್ಥ, ನಿಮ್ಮ ಆರೋಗ್ಯದ ಫಿಟ್‌ನೆಸ್ಸಿಗೂ ಅದಕ್ಕೂ ಸಂಬಂಧವಿಲ್ಲ. "ನೇ ಬ್ಯಾಡ್" ಎನ್ನಿ, ಸಾಕು, ನಗುತ್ತಾರೆ. ಹುಡುಗ ಲೂನ್, ಹುಡುಗಿ ಕ್ವೈನ್.

ದೋಣಿಯವರ ಹತ್ತಿರ ಮಾತಾಡಲು ಒಂದು ಹೊತ್ತಿದೆ. ಹಾಯಿ ಕಟ್ಟುವಾಗ, ಹಗ್ಗ ಎಸೆಯುವಾಗ ಬಾಯಿ ಹಾಕಬೇಡಿ. ದೋಣಿ ಕಟ್ಟಿ ಚಹಾ ಕಾಯಿಸಿಕೊಂಡು ಕೂತಾಗ ಹೋಗಿ. ಕೇಳದೆ ದೋಣಿಗೆ ಕಾಲಿಡಬೇಡಿ, ಅದು ಅವರ ಮನೆ. "ಯಾವ ಮರ? ಎಷ್ಟು ವರ್ಷ ಹಿಡಿಯಿತು?" ಎಂದು ಕೇಳಿದರೆ ಅವರೇ ಒಳಗೆ ಕರೆಯುತ್ತಾರೆ. ಅಪ್ಪ ಬಂದಿದ್ದಾಗ ಇಂಗ್ಲಿಷ್ ಅಷ್ಟಾಗಿ ಬರದೆಯೂ ಒಬ್ಬ ಮುದುಕರ ಜೊತೆ ಮುಕ್ಕಾಲು ಗಂಟೆ ಗಂಟು ಹಾಕುವ ಬಗೆ ಹಂಚಿಕೊಂಡರು. ಇಬ್ಬರದ್ದೂ ಕೈಮಾತು. ನಾನು ದುಭಾಷಿಯಾಗಲು ಹೋಗಿ ಬೈಸಿಕೊಂಡೆ.

ಮಕ್ಕಳು ಮತ್ತು ದಕ್ಕೆಯ ಅಂಚು

ಇಲ್ಲಿ ಮಾತ್ರ ತಮಾಷೆ ಇಲ್ಲ. ದಕ್ಕೆಯ ಅಂಚಿಗೆ ಎಷ್ಟೋ ಕಡೆ ಕಂಬಿ ಇಲ್ಲ. ಇಳಿತದಲ್ಲಿ ಕೆಳಗೆ ಬಿದ್ದರೆ ಕಲ್ಲಿನ ಮೇಲೆ, ಉಬ್ಬರದಲ್ಲಿ ಬಿದ್ದರೆ ಹನ್ನೆರಡು ಡಿಗ್ರಿ ಆಸುಪಾಸಿನ ನೀರಿಗೆ. ಅಂಥ ತಣ್ಣೀರು ಮೊದಲ ನಿಮಿಷದಲ್ಲೇ ಉಸಿರು ಕಟ್ಟಿಸುತ್ತದೆ, ಈಜು ಬಂದರೂ ಕೈಕಾಲು ಆಡುವುದಿಲ್ಲ. ಸಣ್ಣ ಮಕ್ಕಳ ಕೈ ಬಿಡಬೇಡಿ. ಸೆಲ್ಫಿಗೆ ಹಿಂದೆ ಹಿಂದೆ ಹೆಜ್ಜೆ ಇಡುವ ದೊಡ್ಡವರ ಕೈಯನ್ನೂ. ಯಾರಾದರೂ ಬಿದ್ದರೆ ನೀವು ಹಾರಬೇಡಿ, ಗೋಡೆಯ ಮೇಲಿರುವ ತೇಲುವ ಬಳೆ ಎಸೆದು, 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಕೇಳಿ.

ಹಬ್ಬದಲ್ಲಿ ಆರ್‌ಎನ್‌ಎಲ್‌ಐನವರ ಡಬ್ಬಿ ಕಂಡರೆ ಒಂದೆರಡು ಪೌಂಡ್ ಹಾಕಿ. 1824ರಿಂದ ಕಡಲಿನಲ್ಲಿ ಜೀವ ಉಳಿಸುತ್ತಿರುವ ಸಂಸ್ಥೆ, ನಡೆಯುವುದು ಹೆಚ್ಚಾಗಿ ದಾನದ ಹಣದಲ್ಲಿ, ದೋಣಿ ಹತ್ತುವವರಲ್ಲಿ ಬಹುಪಾಲು ಸ್ವಯಂಸೇವಕರು.

ಭಾನುವಾರ

ಎರಡನೇ ದಿನ ಡೇರೆಗಳಿಗೆ ಕಡಿಮೆ ಹೊತ್ತು ಕೊಡಿ. ಉಬ್ಬರ ಮಧ್ಯಾಹ್ನದ ಕಡೆ ಇದ್ದರೆ ಬೆಳಿಗ್ಗೆ ಪಶ್ಚಿಮಕ್ಕೆ ಸ್ಯಾಂಡೆಂಡ್ ಕಡಲತೀರಕ್ಕೆ ಹೋಗಿ. ಅಲ್ಲಿಂದ ಮುಂದೆ ಬಂಡೆಯ ತುದಿಯಲ್ಲಿ ಫಿಂಡ್‌ಲೇಟರ್ ಕೋಟೆಯ ಅವಶೇಷ. ದಾರಿ ಕಡಿದು, ಮೊಣಕಾಲು ನೋವಿನವರು ಕಾರಿನಲ್ಲಿ ಕಲನ್‌ವರೆಗೆ ಹೋಗಿ ಬಂದರೆ ಸಾಕು. ಕಡಲಿನ ಮೇಲೊಂದು ಕಣ್ಣಿರಲಿ. ಈ ಕೊಲ್ಲಿಯಲ್ಲಿ ಬಾಟಲ್‌ನೋಸ್ ಡಾಲ್ಫಿನ್‌ಗಳ ವಾಸ. ಹುಡುಕಿದರೆ ಕಾಣುವುದಿಲ್ಲ, ಚಹಾ ಸುರಿಯುವಾಗ ಕಾಣುತ್ತವೆ.

ಸಂಜೆ ಎಲ್ಲರೂ ಒಟ್ಟಿಗೆ ಹೊರಟು ಕಿರಿದಾದ ಬೀದಿಗಳಲ್ಲಿ ಕಾರುಗಳ ಸಾಲು ನಿಲ್ಲುತ್ತದೆ. ಆ ಸಾಲಿನಲ್ಲಿ ಕೂರಬೇಡಿ. ಊರಿನ ಐಸ್‌ಕ್ರೀಮ್ ಅಂಗಡಿಯಿಂದ ಒಂದೊಂದು ಕೋನ್ ತಗೊಂಡು ವಾಪಸ್ ಹಳೇ ಬಂದರಿಗೆ ಇಳಿಯಿರಿ. ಜನ ಕರಗಿರುತ್ತಾರೆ, ನೀರು ಸಾಕಷ್ಟಿದ್ದರೆ ದೂರದ ದೋಣಿಗಳು ಒಂದೊಂದಾಗಿ ಹೊರಡುತ್ತಿರುತ್ತವೆ. ಮೇಲಿನಿಂದ ಹಗ್ಗ ಬಿಚ್ಚಿ ಎಸೆಯಲು ಒಬ್ಬರು ಬೇಕಾಗುತ್ತದೆ, ನಿಮ್ಮತ್ತ ನೋಡಿ ಕೈ ಮಾಡಿದರೆ ಬಗ್ಗಿ ಬಿಚ್ಚಿಕೊಡಿ. ಹೋದ ಸಲ ಅಪ್ಪ ಬಿಚ್ಚಿಕೊಟ್ಟದ್ದು ಅದೇ ಮುದುಕರ ದೋಣಿಯ ಹಗ್ಗ. ಕಾಚು ಬಣ್ಣದ ಹಾಯಿ ಗೋಡೆಯ ತಿರುವಿನಲ್ಲಿ ಮರೆಯಾಗುವವರೆಗೂ ಅಪ್ಪ ಕದಲಲಿಲ್ಲ. ಐಸ್‌ಕ್ರೀಮ್ ಮಾತ್ರ ಪೂರ್ತಿ ಕರಗಿ ಅವರ ಸ್ವೆಟರಿನ ತೋಳಿಗಿಳಿದಿತ್ತು.